ಹಳೇ ಲಿವರ್ ರೈಫಲ್ ಮನೆಯಲ್ಲೇ ಬಿಚ್ಚಿ ಒರೆಸುವುದು ಹೇಗೆ

ಚುನಾವಣೆ ಮುಗಿದು, ಠಾಣೆಯಲ್ಲಿ ಇಟ್ಟಿದ್ದ ಗನ್‌ಗಳು ವಾಪಸ್ ಬರುವ ಹೊತ್ತಿಗೆ ನಮ್ಮ ತುಮಕೂರು ಸೀಮೆಯ ತೋಟದ ಮನೆಗಳಲ್ಲಿ ಒಂದೇ ಕೆಲಸ. ಹಳೇ ಪಂಚೆ ಹರಿಯೋದು, ಎಣ್ಣೆ ಡಬ್ಬಿ ಹುಡುಕೋದು. ಡಬಲ್ ಬ್ಯಾರಲ್ ಇರುವವರಿಗೆ ತಲೆನೋವಿಲ್ಲ. ಮಡಿಸಿದರೆ ಸಾಕು, ಎರಡೂ ನಳಿಕೆ ಕಣ್ಣೆದುರು. ತಾತನ ಕಾಲದ ಲಿವರ್ ಆಕ್ಷನ್ .22 ರೈಫಲ್ (ಟ್ರಿಗರ್ ಹತ್ತಿರದ ಲಿವರ್ ಕೆಳಕ್ಕೂ ಮೇಲಕ್ಕೂ ಆಡಿಸಿ ತೋಟಾ ಏರಿಸುವ, ಸಣ್ಣ ಗುಂಡಿನ ಗನ್) ಇರುವವರು ಮಾತ್ರ ಅದನ್ನ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾ, ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದೆ, ಕೊನೆಗೆ ನಳಿಕೆ ಬಾಯಿಂದ ಒಂದಿಷ್ಟು ಎಣ್ಣೆ ಸುರಿದು ಮೂಲೆಗೆ ಇಟ್ಟುಬಿಡುತ್ತಾರೆ. ಇಲ್ಲಾಂದ್ರೆ ಇನ್ನೊಂದು ಅತಿ. ಕಂಡ ಕಂಡ ಸ್ಕ್ರೂ ಎಲ್ಲಾ ಬಿಚ್ಚಿ ತಟ್ಟೆ ತುಂಬಾ ಹರಡಿಕೊಂಡು ಕೂರುತ್ತಾರೆ.

ಎರಡೂ ಬೇಡ. ಇಂಥ ರೈಫಲ್ ಗುಂಡು ಹಾರಿಸಿ ಸವೆಯೋದು ಕಡಿಮೆ, ತಪ್ಪಾಗಿ ಒರೆಸಿ ಸವೆಯೋದು ಜಾಸ್ತಿ. ಕಡಿಮೆ ಬಿಚ್ಚಬೇಕು, ಕೊಳೆ ನಿಜವಾಗಿ ಕೂರುವ ಜಾಗವನ್ನ ಮಾತ್ರ ಚೆನ್ನಾಗಿ ಒರೆಸಬೇಕು. ಈ ಬರಹದಲ್ಲಿ ಹೇಳೋದು ಇಷ್ಟೇ.

ಮುಖ್ಯವಾಗಿ ಮಾರ್ಲಿನ್ 39ಎ ಮಾದರಿಯನ್ನ ಇಟ್ಟುಕೊಂಡು ಹೇಳುತ್ತೇನೆ. ಮಾರ್ಲಿನ್ ಕಂಪನಿ 1891ರಲ್ಲಿ ಮಾಡಿದ .22 ಲಿವರ್ ರೈಫಲ್‌ನ ವಂಶದ್ದೇ ಇದು, 39ಎ ಅನ್ನೋ ಹೆಸರು ಬಂದದ್ದು 1939ರಲ್ಲಿ. ಬಿಚ್ಚೋಕೆ ಒಂದೇ ಒಂದು ದೊಡ್ಡ ಸ್ಕ್ರೂ. ಬೇರೆ ಮಾದರಿಗಳ ವಿಷಯ ಆಮೇಲೆ ಬರುತ್ತೆ. ಸಾಮಾನ್ಯ ಜನ ವಿದೇಶದಿಂದ ಗನ್ ತರಿಸೋದು 1980ರ ದಶಕದಲ್ಲೇ ನಿಂತುಹೋಯಿತು. ಹಾಗಾಗಿ ನಮ್ಮ ಕಡೆ ಇರುವ ಲಿವರ್ ರೈಫಲ್‌ಗಳೆಲ್ಲ ಬಹುಪಾಲು ಹಳೇ ಮಾಲು. ಒಂದು ಸ್ಪ್ರಿಂಗ್ ಹಾರಿ ಹೋದರೆ ಇನ್ನೊಂದು ತರೋಕೆ ಅಂಗಡಿ ಇಲ್ಲ. ಈ ಮಾತು ಕೆಲಸದ ಉದ್ದಕ್ಕೂ ನೆನಪಿರಲಿ.

ಮೊದಲು ಕಾಗದಪತ್ರದ ಮಾತು, ಬೇಗ ಮುಗಿಸುತ್ತೇನೆ. ಠಾಣೆಯಿಂದ ತಂದ ತಕ್ಷಣ ಗನ್ ಮೇಲಿನ ನಂಬರನ್ನ ಲೈಸೆನ್ಸ್ ಪುಸ್ತಕದ ಜೊತೆ, ರಸೀದಿ ಜೊತೆ ತಾಳೆ ನೋಡಿ. ಒರೆಸೋದು, ಎಣ್ಣೆ ಹಾಕೋದು ಲೈಸೆನ್ಸ್ ಇರುವ ನಿಮ್ಮ ಕೆಲಸ. ರಿಪೇರಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು, ನಳಿಕೆ ಕತ್ತರಿಸಿ ಗಿಡ್ಡ ಮಾಡೋದಂತೂ ಅಪರಾಧ. ಊರಿನ ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ, ಎಷ್ಟೇ ಪರಿಚಯದವರಾದರೂ ಸರಿ. ಏನಾದರೂ ಮುರಿದಿದ್ದರೆ ಲೈಸೆನ್ಸ್ ಇರುವ ಡೀಲರ್ ಹತ್ತಿರವೇ ಹೋಗಬೇಕು.

ಏನೇನು ಬೇಕು

ದೊಡ್ಡ ಪಟ್ಟಿ ಇಲ್ಲ. ಹತ್ತಿ ಬಟ್ಟೆ, ಅದೂ ತುಂಬಾ ಸಲ ಒಗೆದ ಹಳೇ ಪಂಚೆ ಆದರೆ ಒಳ್ಳೇದು, ನೂಲು ಬಿಡೋದಿಲ್ಲ. ಅದನ್ನ ಒಂದಂಗುಲ ಚೌಕದ ತುಂಡುಗಳಾಗಿ ಕತ್ತರಿಸಿ ಒಂದು ಡಬ್ಬಿಯಲ್ಲಿ ಹಾಕಿಕೊಳ್ಳಿ. .22 ನಳಿಕೆಗೆ ಹಿಡಿಯುವ ಹಿತ್ತಾಳೆ ಬಣ್ಣದ ಬ್ರಾಂಜ್ ಬ್ರಷ್ ಒಂದು. ಸ್ಟೀಲ್ ತಂತಿಯ ಬ್ರಷ್ ಯಾವ ಕಾರಣಕ್ಕೂ ಬೇಡ. ಹಳೇ ಟೂತ್‌ಬ್ರಷ್, ಹಲ್ಲುಕಡ್ಡಿ, ಕಿವಿ ಬಡ್ಸ್. ಗನ್ ಸಾಲ್ವೆಂಟ್, ಅಂದ್ರೆ ಕೊಳೆ ಕರಗಿಸುವ ದ್ರವ, ಸಿಕ್ಕರೆ ಒಳ್ಳೇದು. ಸಿಗದಿದ್ದರೆ ಸ್ವಲ್ಪ ಸೀಮೆಎಣ್ಣೆಯಿಂದಲೂ .22 ಕೊಳೆ ಬಿಡುತ್ತೆ, ಆದರೆ ಆಮೇಲೆ ಒಣಗಿಸಿ ಒರೆಸಿ ಎಣ್ಣೆ ಹಾಕಲೇಬೇಕು. ಹೊಲಿಗೆ ಮಿಷನ್ ಎಣ್ಣೆಯ ಸಣ್ಣ ಬಾಟ್ಲಿ. ಕೊನೆಗೆ ಒಂದು ನಾಣ್ಯ.

ನಳಿಕೆ ಒರೆಸೋಕೆ ರಾಡ್ ಬದಲು ನಾನು ಬಳಸೋದು ಹುಲ್ಲು ಹೊಡೆಯುವ ಬ್ರಷ್ ಕಟರ್‌ನ ನೈಲಾನ್ ದಾರ. ತೆಂಗು, ಅಡಿಕೆ ತೋಟ ಇರುವ ಯಾರ ಮನೆಯಲ್ಲಾದರೂ ಒಂದು ಸುರುಳಿ ಇದ್ದೇ ಇರುತ್ತೆ. ಎರಡು ಮಿಲಿಮೀಟರ್ ಚಿಲ್ಲರೆ ದಪ್ಪದ ದುಂಡನೆ ದಾರ ತಗೊಳ್ಳಿ, ಚೌಕದ್ದು, ಮುಳ್ಳಿನದು ಬೇಡ. ನಳಿಕೆಗಿಂತ ಒಂದು ಅಡಿ ಉದ್ದ ಕತ್ತರಿಸಿ. ಒಂದು ತುದಿಯನ್ನ ಬೆಂಕಿಕಡ್ಡಿಗೆ ಹಿಡಿದರೆ ಕರಗಿ ಸಣ್ಣ ಗುಂಡಿಯಾಗುತ್ತೆ. ಅದು ಆರೋವರೆಗೆ ಮುಟ್ಟಬೇಡಿ. ಇನ್ನೊಂದು ತುದಿಯನ್ನ ಓರೆಯಾಗಿ, ಚೂಪಾಗಿ ಕತ್ತರಿಸಿ. ಚೂಪು ತುದಿಯನ್ನ ಬಟ್ಟೆ ತುಂಡಿನ ನಡುವೆ ಚುಚ್ಚಿ ಗುಂಡಿಯವರೆಗೆ ಎಳೆದರೆ ನಿಮ್ಮ ಸಾಧನ ತಯಾರು. ಖರ್ಚು ಏನೂ ಇಲ್ಲ, ನಳಿಕೆಗೆ ಗೀರು ಬೀಳುವ ಭಯವೂ ಇಲ್ಲ. ಅಂಗಡಿಯ ಮೂರು ತುಂಡಿನ ಅಲ್ಯೂಮಿನಿಯಂ ರಾಡ್‌ಗಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ. ಆ ರಾಡ್‌ಗಳ ಜೋಡಣೆ ಇರುವ ಕಡೆ ಅಂಚು ಮೇಲೆದ್ದಿರುತ್ತೆ, ಅದೇ ನಳಿಕೆ ಬಾಯಿಯನ್ನ ಉಜ್ಜೋದು.

ಖಾಲಿ ಇದೆಯಾ ನೋಡೋದು

ಇಲ್ಲಿ ಆತುರ ಬೇಡ. ಮಕ್ಕಳು ಇಲ್ಲದ ಕೋಣೆ, ಬಾಗಿಲು ಹಾಕಿರಲಿ, ತೋಟಾಗಳು ಇನ್ನೊಂದು ಕೋಣೆಯಲ್ಲಿ ಬೀಗದೊಳಗೆ ಇರಲಿ. ನಳಿಕೆ ಬಾಯಿ ಯಾರೂ ಇಲ್ಲದ ಕಡೆಗೆ, ಬೆರಳು ಟ್ರಿಗರ್‌ನಿಂದ ಹೊರಗೆ.

ಲಿವರ್ ರೈಫಲ್‌ನ ತೋಟಾ ಇರೋದು ನಳಿಕೆ ಕೆಳಗಿನ ಕೊಳವೆಯಲ್ಲಿ. 39ಎ ಕೊಳವೆಗೆ ಲಾಂಗ್ ರೈಫಲ್ ಅನ್ನೋ ಉದ್ದದ .22 ತೋಟಾ 19 ಹಿಡಿಯುತ್ತೆ. ಮೋಸ ಆಗೋದು ಇಲ್ಲೇ. ಲಿವರ್ ನಾಲ್ಕು ಸಲ ಆಡಿಸಿದೆ, ಏನೂ ಬರಲಿಲ್ಲ, ಖಾಲಿ ಇದೆ ಅಂದುಕೊಳ್ಳುತ್ತೀರಿ. ಆದರೆ ಕೊಳವೆಯೊಳಗೆ ತೋಟಾ ತಳ್ಳುವ ಫಾಲೋಯರ್ ಕೊಳೆಯಿಂದ ಅಂಟಿಕೊಂಡಿದ್ದರೆ ಒಂದೆರಡು ತೋಟಾ ಒಳಗೇ ಕೂತಿರುತ್ತೆ. ಯಾವಾಗಲೋ ಕುಲುಕಿದಾಗ ಜಾರಿ ಬರುತ್ತೆ.

ಅದಕ್ಕೇ ಹೀಗೆ ಮಾಡಿ. ಬಾಯಿ ಹತ್ತಿರ ಇರುವ ಒಳ ಕೊಳವೆಯ ತುದಿಯನ್ನ ತಿರುಗಿಸಿ, ಪೂರ್ತಿ ಹೊರಗೆ ಎಳೆದು ಪಕ್ಕಕ್ಕಿಡಿ. ಹಾಗೆ ಎಳೆಯುವಾಗ ಕೈಯನ್ನ ನಳಿಕೆ ಬಾಯಿ ಮುಂದೆ ತರಬೇಡಿ, ಬದಿಯಿಂದ ಹಿಡಿಯಿರಿ. ರೈಫಲ್ಲಿನ ಬಾಯಿ ಕೆಳಕ್ಕೆ ಬಾಗಿಸಿದರೆ ಉಳಿದ ತೋಟಾ ಇದ್ದರೆ ಉದುರುತ್ತೆ. ಆಮೇಲೆ ಲಿವರ್ ಪೂರ್ತಿ ಕೆಳಕ್ಕೆ, ಪೂರ್ತಿ ಮೇಲಕ್ಕೆ ಮೂರ್ನಾಲ್ಕು ಸಲ ಆಡಿಸಿ. ಅರ್ಧಂಬರ್ಧ ಆಡಿಸಬಾರದು. ನಂತರ ಲಿವರ್ ತೆರೆದೇ ಇಟ್ಟು, ಟಾರ್ಚ್ ಬಿಟ್ಟು ಚೇಂಬರ್, ಅಂದ್ರೆ ನಳಿಕೆ ಹಿಂಭಾಗದಲ್ಲಿ ತೋಟಾ ಕೂರುವ ಜಾಗ, ನೋಡಿ. ನೋಡಿದ್ದು ಸಾಲದು, ಕಿರುಬೆರಳ ತುದಿಯಿಂದ ಚೇಂಬರ್ ಬಾಯಿ ಮುಟ್ಟಿ ಕೂಡ ನೋಡಿ. ತೋಟಾ ಎತ್ತಿಕೊಡುವ ಕ್ಯಾರಿಯರ್ ಮೇಲೂ ಒಂದು ಕಣ್ಣು ಹಾಯಿಸಿ. ಮನೆಯಲ್ಲಿ ಇನ್ನೊಬ್ಬರು ತಿಳಿದವರು ಇದ್ದರೆ ಅವರ ಕೈಯಲ್ಲೂ ನೋಡಿಸಿ.

ಎರಡು ತುಂಡು ಮಾಡೋದು

ಈಗ ಲಿವರ್ ಮುಚ್ಚಿ. ಹಿಂದೆ ಹೊರಗೆ ಕಾಣುವ ಸುತ್ತಿಗೆಯಂಥ ಭಾಗ, ಅಂದ್ರೆ ಹ್ಯಾಮರ್, ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸಿ. ರಿಸೀವರ್‌ನ (ನಳಿಕೆಗೂ ಹಿಡಿಗೂ ನಡುವಿನ ಲೋಹದ ಪೆಟ್ಟಿಗೆ) ಬಲಗಡೆ ಹೆಬ್ಬೆರಳಿನಷ್ಟು ಅಗಲದ, ಅಂಚಿಗೆ ಗೆರೆ ಕೊರೆದ ಸ್ಕ್ರೂ ಕಾಣುತ್ತೆ. ಅದರ ನಡುವಿನ ಸೀಳಿಗೆ ನಾಣ್ಯ ಕೂರುತ್ತೆ. ನಾಣ್ಯದಿಂದ ಸಡಿಲ ಮಾಡಿ, ಆಮೇಲೆ ಬೆರಳಲ್ಲೇ ಬಿಚ್ಚಿ. ಸ್ಕ್ರೂಡ್ರೈವರ್ ಹಾಕಿದರೆ ಜಾರಿ ರಿಸೀವರ್ ಮೇಲೆ ಗೀರು ಬೀಳುತ್ತೆ, ಹಳೇ ಗನ್‌ಗಳಲ್ಲಿ ಆ ಗೀರು ಇಲ್ಲದ್ದನ್ನ ಹುಡುಕಬೇಕು.

ಸ್ಕ್ರೂ ಬಿಚ್ಚಿದ ತಕ್ಷಣ ಎರಡು ಭಾಗ ಬೇರೆಯಾಗೋದಿಲ್ಲ. ವರ್ಷಗಟ್ಟಲೆ ಮುಟ್ಟದ ಗನ್ ಆದರೆ ಒಣಗಿದ ಎಣ್ಣೆ ಅಂಟಿನ ಹಾಗೆ ಹಿಡಿದಿರುತ್ತೆ. ಮರದ ಹಿಡಿಯ ಸಣ್ಣಗಿರುವ ಭಾಗವನ್ನ ಅಂಗೈಯಿಂದ ಬದಿಗೆ ಮೆಲ್ಲಗೆ ತಟ್ಟಿ. ಬರಲಿಲ್ಲ ಅಂದ್ರೆ ಸಂದಿಗೆ ಒಂದೆರಡು ಹನಿ ಎಣ್ಣೆ ಬಿಟ್ಟು ರಾತ್ರಿಯೆಲ್ಲಾ ಹಾಗೇ ಇಡಿ. ಸಂದಿಗೆ ಚಾಕು ತೂರಿಸೋದು, ಸುತ್ತಿಗೆ ತರೋದು, ಇವೆರಡೂ ಬೇಡ. ಬಿಟ್ಟುಕೊಂಡಾಗ ನಳಿಕೆ ಒಂದು ಕೈಗೆ, ಹಿಡಿ ಇನ್ನೊಂದು ಕೈಗೆ ಬರುತ್ತೆ. ಹಿಡಿ ಭಾಗದಲ್ಲಿ ಹ್ಯಾಮರ್ ಇನ್ನೂ ಎಳೆದೇ ಇದೆ ಅನ್ನೋದು ನೆನಪಿರಲಿ. ಟ್ರಿಗರ್ ಒತ್ತಿದರೆ ಹ್ಯಾಮರ್ ತಡೆಯಿಲ್ಲದೆ ಬಂದು ಬಡಿಯುತ್ತೆ, ಲೋಹಕ್ಕೂ ಪೆಟ್ಟು, ಬೆರಳಿಗೂ ಪೆಟ್ಟು.

ಇನ್ನು ಬೋಲ್ಟ್, ಅಂದ್ರೆ ಚೇಂಬರ್ ಹಿಂದೆ ಜಾರಿ ಅದನ್ನ ಮುಚ್ಚುವ ಲೋಹದ ತುಂಡು. ನಳಿಕೆ ಇರುವ ಭಾಗದಲ್ಲೇ ಅದು ಉಳಿದಿರುತ್ತೆ. ಹಿಂದಕ್ಕೆ ಸರಿಸಿದರೆ ಕೈಗೆ ಬರುತ್ತೆ. ಬೋಲ್ಟ್ ತಲೆಕೆಳಗು ಮಾಡಬೇಡಿ, ಹಳೇ ಗನ್‌ಗಳಲ್ಲಿ ತೋಟಾಗೆ ಬಡಿಯುವ ಫೈರಿಂಗ್ ಪಿನ್ ಸಡಿಲ ಇದ್ದರೆ ಜಾರಿ ಬಿದ್ದರೂ ಬೀಳಬಹುದು. ಕೆಳಗೆ ಬಿಳೀ ಬಟ್ಟೆ ಹಾಸಿಕೊಂಡಿದ್ದರೆ ಬಿದ್ದದ್ದು ಕಾಣುತ್ತೆ. ಬಿಚ್ಚುವ ಮೊದಲು, ಬಿಚ್ಚಿದ ಮೇಲೆ ಮೊಬೈಲಲ್ಲಿ ಒಂದೊಂದು ಫೋಟೋ ತೆಗೆದುಕೊಳ್ಳಿ.

ಬಿಚ್ಚುವ ಕೆಲಸ ಇಲ್ಲಿಗೆ ಮುಗೀತು. ನಿಜವಾಗಲೂ ಮುಗೀತು. ಟ್ರಿಗರ್ ಪಿನ್, ಹ್ಯಾಮರ್ ಸ್ಪ್ರಿಂಗ್, ಎಕ್ಸ್‌ಟ್ರಾಕ್ಟರ್, ಖಾಲಿ ತೋಟಾ ಹೊರಗೆ ಎಸೆಯುವ, ರಿಸೀವರ್ ಗೋಡೆಯಲ್ಲಿರುವ ಇಜೆಕ್ಟರ್, ಇವನ್ನೆಲ್ಲ ಇದ್ದ ಹಾಗೇ ಬಿಡಿ.

ಕೊಳೆ ಕೂರೋದು ಎಲ್ಲಿ

.22 ತೋಟಾದ ಮದ್ದು ಹೊತ್ತಿಸುವ ಸಾಮಗ್ರಿ ಇರೋದು ಅದರ ಅಂಚಿನೊಳಗೆ, ಅದಕ್ಕೇ ರಿಮ್‌ಫೈರ್ ಅನ್ನೋದು. ಗುಂಡು ಮೆತ್ತನೆ ಸೀಸದ್ದು, ಬಹುಪಾಲು ಗುಂಡಿನ ಮೇಲೆ ಮೇಣ ಸವರಿರುತ್ತೆ. ಹಾರಿಸಿದಾಗ ಮಸಿ, ಮೇಣ, ಸೀಸದ ಪುಡಿ ಮೂರೂ ಸೇರಿ ಕಪ್ಪು ಜಿಡ್ಡು ಆಗುತ್ತೆ. ಅದು ನಳಿಕೆಯಲ್ಲಿ ತೆಳ್ಳಗೆ ಹರಡಿಕೊಂಡರೆ, ಬೋಲ್ಟ್ ಮುಖದಲ್ಲಿ, ಚೇಂಬರ್ ಸುತ್ತ ದಪ್ಪಗೆ ಕೂರುತ್ತೆ. ತೋಟಾ ಸಿಕ್ಕಿಹಾಕಿಕೊಳ್ಳೋದು, ಖಾಲಿ ತೋಟಾ ಹೊರಗೆ ಬರದೇ ಇರೋದು, ಒಮ್ಮೊಮ್ಮೆ ಹೊಡೆತ ಬಿದ್ದರೂ ಹಾರದೇ ಇರೋದು, ಇದಕ್ಕೆಲ್ಲ ಬಹಳ ಸಲ ಕಾರಣ ಈ ಜಿಡ್ಡೇ. ಜನ ಮಾತ್ರ ನಳಿಕೆಯನ್ನ ಹತ್ತು ಸಲ ಉಜ್ಜಿ ಬೋಲ್ಟ್ ಕಡೆ ತಿರುಗಿಯೂ ನೋಡೋದಿಲ್ಲ.

ಹಾಗಾಗಿ ಮೊದಲು ಬೋಲ್ಟ್ ಮುಖ. ಟೂತ್‌ಬ್ರಷ್‌ಗೆ ಸಾಲ್ವೆಂಟ್ ಅದ್ದಿ ಉಜ್ಜಿ, ಐದು ನಿಮಿಷ ಬಿಡಿ. ಟಾರ್ಚ್ ಬೆಳಕಲ್ಲಿ ನೋಡಿದರೆ ತೋಟಾ ಅಂಚು ಹಿಡಿಯುವ ಸಣ್ಣ ಕೊಕ್ಕೆ ಕಾಣುತ್ತೆ, ಅದೇ ಎಕ್ಸ್‌ಟ್ರಾಕ್ಟರ್. ಕೊಕ್ಕೆಯ ಒಳಮೂಲೆಯಲ್ಲಿ ಗಟ್ಟಿಯಾದ ಕಪ್ಪು ಪೊರೆ ಇರುತ್ತೆ, ಅದು ಬೋಲ್ಟ್‌ನ ಭಾಗವೇ ಏನೋ ಅನ್ನುವಷ್ಟು ನಯವಾಗಿ ಕೂತಿರುತ್ತೆ. ಹಲ್ಲುಕಡ್ಡಿ ತುದಿಯಿಂದ ಕೆದಕಿದರೆ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಸೂಜಿ, ಪಿನ್ನು ಹಾಕಬೇಡಿ, ಮರದ ಕಡ್ಡಿ ಸಾಕು. ಫೈರಿಂಗ್ ಪಿನ್ ಬರುವ ಸೀಳನ್ನೂ ಹಾಗೇ ಬಿಡಿಸಿ. ಅಲ್ಲಿ ಜಿಡ್ಡು ತುಂಬಿದ್ದರೆ ಪಿನ್ನಿನ ಹೊಡೆತ ಮೆತ್ತಗಾಗುತ್ತೆ.

ಆಮೇಲೆ ಚೇಂಬರ್. ಹಿಂದಿನವರು .22 ಶಾರ್ಟ್ ತೋಟಾ ಬಹಳ ಹಾರಿಸಿದ್ದರೆ ಇಲ್ಲಿ ಒಂದು ವಿಶೇಷ ತೊಂದರೆ ಇರುತ್ತೆ. ಶಾರ್ಟ್ ತೋಟಾದ ಕವಚ ಗಿಡ್ಡ. ಅದು ಮುಗಿಯುವ ಜಾಗದಿಂದ ಮುಂದೆ ಚೇಂಬರ್ ಒಳಗೆ ಜಿಡ್ಡಿನ ಬಳೆ ಕಟ್ಟುತ್ತೆ. ಆಮೇಲೆ ಉದ್ದದ ಲಾಂಗ್ ರೈಫಲ್ ತೋಟಾ ಹಾಕಿದರೆ ಆ ಬಳೆಗೆ ತಾಗಿ ಅರ್ಧಕ್ಕೆ ನಿಲ್ಲುತ್ತೆ, ಹಾರಿಸಿದ ಮೇಲೆ ಕಚ್ಚಿಕೊಳ್ಳುತ್ತೆ. ಬ್ರಾಂಜ್ ಬ್ರಷ್‌ಗೆ ಸಾಲ್ವೆಂಟ್ ಹಾಕಿ ಹಿಂದಿನಿಂದ ಚೇಂಬರ್‌ಗೆ ತೂರಿಸಿ, ಬೆರಳಲ್ಲೇ ನಿಧಾನ ತಿರುಗಿಸಿ. ಹತ್ತು ನಿಮಿಷ ನೆನೆಯೋಕೆ ಬಿಟ್ಟು ಮತ್ತೆ ತಿರುಗಿಸಿ, ಬಟ್ಟೆಯಿಂದ ಒರೆಸಿ. ಚೇಂಬರ್ ಬಾಯಿ ಅಂಚನ್ನೂ ಇಲ್ಲೇ ನೋಡಿಕೊಳ್ಳಿ. ತೋಟಾ ಇಲ್ಲದೆ ಸುಮ್ನೆ ಟಕ್ ಟಕ್ ಅಂತ ಟ್ರಿಗರ್ ಒತ್ತುತ್ತಾ ಆಟ ಆಡಿದ ಗನ್‌ಗಳಲ್ಲಿ ಫೈರಿಂಗ್ ಪಿನ್ ನೇರ ಆ ಅಂಚಿಗೇ ಬಡಿದು ಸಣ್ಣ ತಗ್ಗು ಬಿದ್ದಿರಬಹುದು. ಇದ್ದರೆ ಡೀಲರ್‌ಗೆ ತೋರಿಸಿ, ನೀವು ಅರ ಹಿಡಿಯಬೇಡಿ.

ನಳಿಕೆ ಕೊನೆಗೆ. ಬಿಚ್ಚಿದ್ದರ ಲಾಭ ಇರೋದೇ ಇಲ್ಲಿ, ಹಿಂದಿನಿಂದ ಮುಂದಕ್ಕೆ ಒರೆಸೋಕೆ ದಾರಿ ಸಿಕ್ಕಿತು. ನೈಲಾನ್ ದಾರದ ಚೂಪು ತುದಿಯನ್ನ ಚೇಂಬರ್ ಕಡೆಯಿಂದ ತೂರಿಸಿ, ಬಾಯಿಯಿಂದ ಹೊರಗೆ ಬಂದ ಮೇಲೆ ನೇರವಾಗಿ ಎಳೆಯಿರಿ. ಬಾಯಿ ಅಂಚಿಗೆ ದಾರ ಉಜ್ಜಬಾರದು, ಗುಂಡಿನ ಗುರಿ ಕೊನೆಯದಾಗಿ ತೀರ್ಮಾನ ಆಗೋದು ಆ ಅಂಚಿನಲ್ಲಿ. ಒಂದು ಒದ್ದೆ ತುಂಡು ಎಳೆದು ಹತ್ತು ನಿಮಿಷ ಬಿಡಿ. ಆಮೇಲೆ ಒಣಗಿದ ತುಂಡುಗಳು, ಪ್ರತಿ ಸಲ ಹೊಸದು. ಮೊದಲನೆಯದು ಕಪ್ಪಗೆ ಬರುತ್ತೆ, ಆಮೇಲೆ ಬೂದಿ ಬಣ್ಣ, ನಂತರ ಹೆಚ್ಚುಕಮ್ಮಿ ಬಿಳಿ. ಅಷ್ಟು ಸಾಕು. ಹಾಲಿನಷ್ಟು ಬಿಳಿ ಬರೋವರೆಗೂ ಎಳೆಯುವ ಹಟ ಬೇಡ. ತುಂಡಿನಲ್ಲಿ ಕೆಂಪು ಬಣ್ಣ ಕಂಡರೆ ಅದು ತುಕ್ಕು. ಆಗ ಎಣ್ಣೆ ಬಿಟ್ಟು ಒಂದು ದಿನ ನೆನೆಸಿ, ಬ್ರಾಂಜ್ ಬ್ರಷ್ ಅನ್ನ ಹಿಂದಿನಿಂದ ಒಳಗೆ ಬಿಟ್ಟು ಬಾಯಿಯಿಂದ ಪೂರ್ತಿ ಹೊರಗೆ ತೆಗೆಯಿರಿ. ನಡುವೆ ನಿಲ್ಲಿಸಿ ಹಿಂದೆ ಮುಂದೆ ಆಡಿಸಬೇಡಿ, ಬ್ರಷ್ ಕೂದಲು ಮಡಿಚಿ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಮ್ಯಾಗಜೀನ್ ಕೊಳವೆಗೆ ಒಣ ಬಟ್ಟೆ ಮಾತ್ರ. ಒಳ ಕೊಳವೆಯನ್ನ ಹೊರಗಿನಿಂದ ಒರೆಸಿ, ಫಾಲೋಯರ್ ಒತ್ತಿ ಬಿಟ್ಟು ನೋಡಿ, ಸರಾಗವಾಗಿ ವಾಪಸ್ ಬರಬೇಕು. ಇದರೊಳಗೆ ಎಣ್ಣೆ ಹಾಕಿದರೆ ಧೂಳು ಕೂರುತ್ತೆ, ತೋಟಾಗೂ ಎಣ್ಣೆ ಮೆತ್ತುತ್ತೆ. ಶಿರಾ, ಪಾವಗಡ ಕಡೆಯ ಬೇಸಿಗೆ ಧೂಳು ಗೊತ್ತಲ್ಲ, ಎಣ್ಣೆ ಕಂಡರೆ ಬಿಡೋದೇ ಇಲ್ಲ.

ಎಣ್ಣೆ ವಿಷಯ

"ಮನೇಲೇ ಗಾಣದ ಕೊಬ್ಬರಿ ಎಣ್ಣೆ ಇದೆಯಲ್ಲಣ್ಣ, ಅದನ್ನೇ ಹಚ್ಚಿದರೆ ಏನಾಗುತ್ತೆ?" ತಿಪಟೂರು ಕಡೆಯವರು ಇದನ್ನ ಕೇಳದೇ ಬಿಡೋದಿಲ್ಲ. ಆಗೋದು ಇಷ್ಟೇ. 24 ಡಿಗ್ರಿ ಆಸುಪಾಸಿಗೆ ಬಂದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗೋಕೆ ಶುರು. ಮಾಗಿ ಚಳಿಯಲ್ಲಿ ಬೆಳಗಿನ ಹೊತ್ತು ಬಾಟ್ಲಿಯಲ್ಲಿ ಏನಾಗುತ್ತೋ ಅದೇ ಫೈರಿಂಗ್ ಪಿನ್ ಸುತ್ತ ಆಗುತ್ತೆ. ಹರಳೆಣ್ಣೆ, ಹೊಂಗೆ ಎಣ್ಣೆ ಕೂಡ ಬೇಡ, ಕಾಲ ಕಳೆದ ಹಾಗೆ ಅಂಟಾಗುತ್ತವೆ. ತೆಳ್ಳನೆ ಖನಿಜ ಎಣ್ಣೆ ಬೇಕು, ಹೊಲಿಗೆ ಮಿಷನ್ ಎಣ್ಣೆ ಅಂಥದ್ದೇ. ಡಬ್ಲ್ಯೂಡಿ-40 ಕೊಳೆ ಬಿಡಿಸೋಕೆ, ನೀರು ಓಡಿಸೋಕೆ ಸರಿ. ಆದರೆ ಅದನ್ನೇ ಎಣ್ಣೆ ಅಂತ ಒಳಗೆ ಬಿಟ್ಟು ವರ್ಷಗಟ್ಟಲೆ ಇಡಬೇಡಿ.

ಎಷ್ಟು ಹಾಕಬೇಕು? ಬೋಲ್ಟ್ ಜಾರುವ ಬದಿಗಳಿಗೆ ಒಂದೊಂದು ಹನಿ, ಲಿವರ್ ತಿರುಗುವ ಕೀಲಿಗೆ ಒಂದು, ಹ್ಯಾಮರ್ ಬೋಲ್ಟನ್ನ ಉಜ್ಜುವ ಜಾಗಕ್ಕೆ ಒಂದು. ನಳಿಕೆಯೊಳಗೆ ಎಣ್ಣೆ ಸವರಿದ ಒಂದು ತುಂಡು, ಅದರ ಹಿಂದೆಯೇ ಒಣಗಿದ್ದು ಒಂದು. ಹೊರಗಿನ ಲೋಹಕ್ಕೆ ಎಣ್ಣೆ ಬಟ್ಟೆಯಿಂದ ತೆಳ್ಳಗೆ ಒಂದು ಕೈ. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿದರೆ ಜಾಸ್ತಿ ಆಯ್ತು ಅಂತ ಅರ್ಥ.

ಜಾಸ್ತಿ ಹಾಕಿದ ಎಣ್ಣೆ ಸುಮ್ನೆ ಇರೋದಿಲ್ಲ. ಗನ್ ನೆಟ್ಟಗೆ ನಿಲ್ಲಿಸಿದರೆ ಹಿಂದಕ್ಕೆ ಇಳಿದು ಮರದ ಹಿಡಿ ಸೇರುತ್ತೆ, ಲೋಹ ಮರ ಸೇರುವ ಜಾಗ ಕಪ್ಪಾಗಿ ಮೆತ್ತಗಾಗುತ್ತೆ. ಹಳೇ ಗನ್‌ಗಳ ಹಿಡಿ ಅಲ್ಲೇ ಸೀಳೋದು. ಅದಕ್ಕೆ ಎಣ್ಣೆ ಹಾಕಿದ ದಿನ ಬಾಯಿ ಕೆಳಗೆ ಮಾಡಿ ಒಂದು ಬಟ್ಟೆ ಮೇಲೆ ನಿಲ್ಲಿಸಿ. ಮರಕ್ಕೆ ಗನ್ ಎಣ್ಣೆ ಬೇಡ, ಅಗಸೆ ಎಣ್ಣೆ ನಾಲ್ಕು ಹನಿ ಅಂಗೈಯಲ್ಲಿ ಉಜ್ಜಿದರೆ ಸಾಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನ ಉಂಡೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಗಿಸಿ.

ಮತ್ತೆ ಜೋಡಿಸೋದು

ಬೋಲ್ಟನ್ನ ನಳಿಕೆ ಭಾಗದಲ್ಲಿ ಕೂರಿಸಿ ಪೂರ್ತಿ ಮುಂದಕ್ಕೆ ತಳ್ಳಿ. ಹಿಡಿ ಭಾಗದಲ್ಲಿ ಲಿವರ್ ಮುಚ್ಚಿರಲಿ, ಹ್ಯಾಮರ್ ಹಿಂದೆಯೇ ಇರಲಿ. ಎರಡನ್ನೂ ಸೇರಿಸಿ ಒತ್ತಿದರೆ ಸಂದಿ ಕಾಣದ ಹಾಗೆ ಕೂರಬೇಕು. ಕೂರಲಿಲ್ಲ ಅಂದ್ರೆ ಬಲ ಹಾಕಬೇಡಿ. ಹೆಚ್ಚಿನ ಸಲ ಬೋಲ್ಟ್ ಕೂದಲೆಳೆಯಷ್ಟು ಹಿಂದೆ ಇರುತ್ತೆ, ಅಷ್ಟೇ. ಬಿಡಿಸಿ, ಮುಂದಕ್ಕೆ ತಳ್ಳಿ, ಮತ್ತೆ ಸೇರಿಸಿ. ಸ್ಕ್ರೂವನ್ನ ಸಂದಿ ಮುಚ್ಚಿದ ಮೇಲೆ ಬೆರಳಲ್ಲಿ ತಿರುಗಿಸಿ, ನಾಣ್ಯದಿಂದ ಕೊನೆಗೆ ಸ್ವಲ್ಪ ಬಿಗಿ ಮಾಡಿ. ಸ್ಕ್ರೂವಿನಿಂದಲೇ ಎರಡು ಭಾಗ ಎಳೆದು ಸೇರಿಸೋಕೆ ಹೋದರೆ ಅದರ ಮರೆ ಹಾಳಾಗುತ್ತೆ.

ಪರೀಕ್ಷೆಗೆ ತೋಟಾ ಹಾಕಿ ನೋಡೋದು ಮನೆಯಲ್ಲಿ ಬೇಡವೇ ಬೇಡ. ಖಾಲಿಯಾಗಿಯೇ ಲಿವರ್ ನಿಧಾನ ಆಡಿಸಿ, ಎಲ್ಲಾದರೂ ಕಚ್ಚುತ್ತಾ ನೋಡಿ. ಕೊನೆಗೆ ಹ್ಯಾಮರ್ ಮೇಲೆ ಹೆಬ್ಬೆರಳು ಬಿಗಿಯಾಗಿ ಇಟ್ಟು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಿ. ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯಿರಿ, ಸೀಸ ಮುಟ್ಟಿದ ಕೈ. ಕೆಲಸದ ನಡುವೆ ಕಾಫಿ, ಎಲೆ ಅಡಿಕೆ ಬೇಡ.

ಬೇರೆ ಮಾದರಿ ಆದರೆ

ವಿಂಚೆಸ್ಟರ್ 9422 ಕೂಡ ಒಂದು ದೊಡ್ಡ ಸ್ಕ್ರೂಗೆ ಎರಡು ಭಾಗ ಆಗುತ್ತೆ, ಅಲ್ಲಿ ಸ್ಕ್ರೂ ಎಡಗಡೆ. ಹೆನ್ರಿ ಲಿವರ್ .22ಗೆ ಹಿಂದಿನ ಸ್ಕ್ರೂ ಬಿಚ್ಚಿ ಮರದ ಹಿಡಿ ತೆಗೆದು, ಬದಿಯ ನಾಲ್ಕು ಸ್ಕ್ರೂ ಬಿಚ್ಚಿ, ಮೇಲಿನ ಕವರ್ ಹಿಂದಕ್ಕೆ ಎಳೆಯಬೇಕು. ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇದ್ದರೆ ಮಾತ್ರ ಕೈ ಹಾಕಿ. ಬ್ರೌನಿಂಗ್ ಬಿಎಲ್-22 ಇದ್ದರೆ ಮನೆಯಲ್ಲಿ ಬಿಚ್ಚಲೇಬೇಡಿ. ಅದರಲ್ಲಿ ಟ್ರಿಗರ್ ಲಿವರ್ ಜೊತೆಗೇ ಇಳಿಯುತ್ತೆ, ಒಳಗಿನ ಜೋಡಣೆ ಸೂಕ್ಷ್ಮ. ಲಿವರ್ ತೆರೆದಿಟ್ಟು ಸಂದಿಯಿಂದ ಬೋಲ್ಟ್ ಮುಖ, ಚೇಂಬರ್ ಒರೆಸಿ, ನೈಲಾನ್ ದಾರವನ್ನ ಬಾಯಿಯಿಂದ ಬಿಟ್ಟು ರಿಸೀವರ್ ಸಂದಿಯಿಂದ ಹೊರಗೆ ತೆಗೆದು, ಗುಂಡಿ ತುದಿಯ ಬದಲು ಹಿಂದೆ ಗಂಟು ಹಾಕಿ ಬಟ್ಟೆ ಕಟ್ಟಿ ಮುಂದಕ್ಕೆ ಎಳೆದರೆ ಆಯ್ತು.

ಆಯುಧ ಪೂಜೆ, ಆಮೇಲೆ ಇಡೋದು

ಪೂಜೆ ಮಾಡಿ, ಯಾರು ಬೇಡ ಅಂತಾರೆ. ಆದರೆ ಒದ್ದೆ ಕುಂಕುಮ, ವಿಭೂತಿ ಪಟ್ಟೆ, ನಿಂಬೆಹಣ್ಣಿನ ರಸ, ನೀರು ಚಿಮುಕಿಸಿದ ಹೂವು, ಇಷ್ಟೂ ಸೇರಿ ಒಂದೇ ರಾತ್ರಿಯಲ್ಲಿ ನೀಲಿ ಪಾಲಿಶ್ ಮೇಲೆ ಕಲೆ ಹಾಕುತ್ತವೆ. ಬೊಟ್ಟು ಮರದ ಹಿಡಿಗೆ ಇಡಿ. ಲೋಹಕ್ಕೆ ಹತ್ತಿದ್ದನ್ನ ಅವತ್ತು ಸಂಜೆಯೇ ಒರೆಸಿ ಎಣ್ಣೆ ಬಟ್ಟೆ ಆಡಿಸಿ. ಠಾಣೆಯಿಂದ ಬಂದಾಗ ಟ್ರಿಗರ್ ಗಾರ್ಡ್‌ಗೆ ಕಟ್ಟಿದ ಚೀಟಿ, ದಾರ ಕೂಡ ಹಾಗೇ. ಅದರ ಕೆಳಗೆ ತೇವ ನಿಂತು ಸಣ್ಣ ತುಕ್ಕಿನ ಗೆರೆ ಬಿದ್ದಿರುತ್ತೆ, ಬಿಚ್ಚಿದ ದಿನವೇ ನೋಡಿಕೊಳ್ಳಿ.

ರೆಕ್ಸಿನ್ ಚೀಲ, ಚರ್ಮದ ಚೀಲ ಊರಿಂದ ಊರಿಗೆ ಒಯ್ಯೋಕೆ ಮಾತ್ರ. ಮಳೆಗಾಲದಲ್ಲಿ ಚೀಲದೊಳಗೇ ಇಟ್ಟರೆ ತೇವ ಹೊರಗೆ ಹೋಗೋಕೆ ದಾರಿ ಇಲ್ಲ. ಬೀಗ ಹಾಕುವ ಬೀರುವಿನಲ್ಲಿ, ಚೀಲ ಇಲ್ಲದೆ, ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ ಇಡಿ. ತೋಟಾ ಬೇರೆ ಕಡೆ, ಬೇರೆ ಬೀಗ.

ಎಷ್ಟು ದಿನಕ್ಕೊಮ್ಮೆ ಅಂದ್ರೆ, ಹಾರಿಸದೇ ಇಟ್ಟ ಗನ್ನಿಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹೊರಗಿನ ಒರೆಸಾಟ ಸಾಕು, ಬಿಚ್ಚೋದು ಬೇಕಿಲ್ಲ. ಶೂಟಿಂಗ್ ರೇಂಜ್‌ಗೆ ಒಯ್ಯುವವರು ಪ್ರತಿ ಸಲ ಬೋಲ್ಟ್ ಮುಖ, ಚೇಂಬರ್ ಒರೆಸಿ, ನಳಿಕೆಯನ್ನ ಗುರಿ ಕೆಡುತ್ತಿದೆ ಅನ್ನಿಸಿದಾಗ ಮಾತ್ರ ಪೂರ್ತಿ ತೊಳೆಯಿರಿ. ಮತ್ತೆ ಹಾರಿಸುವ ಮೊದಲು ಒಣ ಬಟ್ಟೆ ಎಳೆದು ನಳಿಕೆಯ ಎಣ್ಣೆ ತೆಗೆಯೋದು ಮರೀಬೇಡಿ. ಒರೆಸಿದ ಮೇಲೆ ಮೊದಲ ಕೆಲವು ಗುಂಡು ಆ ಕಡೆ ಈ ಕಡೆ ಬೀಳುತ್ತವೆ, ನಳಿಕೆಗೆ ಮತ್ತೆ ಮೇಣ ಹಿಡಿದ ಮೇಲೆ ಒಂದು ಕಡೆ ಸೇರುತ್ತವೆ. ಅಷ್ಟರೊಳಗೆ ಗಾಬರಿಯಾಗಿ ಗುರಿ ನೋಡುವ ಸೈಟ್ ತಿರುಗಿಸೋಕೆ ಹೋಗಬೇಡಿ.